ತಲೆಯಿಂದ ಬಿಳಿ ಪುಡಿ ಉದುರುತ್ತಿದೆ, ಇದು ತಲೆಹೊಟ್ಟೇ ಅಂತ ತಿಳಿಯುವುದು ಹೇಗೆ?

ಎರಡು ಬಾಟಲಿ ಶಾಂಪೂ ಮುಗಿದರೂ ಪುಡಿ ನಿಂತಿಲ್ಲ ಅಂತ ಬರೆದಿದ್ದೀರಿ. ನಾನೂ ಹೀಗೇ ಶಾಂಪೂ ಬದಲಾಯಿಸುತ್ತಾ ಒಂದು ವರ್ಷ ಕಳೆದೆ. ಕೊನೆಗೆ ಚರ್ಮದ ಡಾಕ್ಟರು ನನ್ನ ತಲೆ ನೋಡಿ, "ಮೊಣಕೈ ತೋರಿಸಿ" ಅಂದರು. ಅಲ್ಲೂ ಒರಟು ಮಚ್ಚೆ ಇತ್ತು. ನನಗಿದ್ದದ್ದು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ. ಅದಕ್ಕೇ ಹೇಳುತ್ತೇನೆ, ಭುಜದ ಮೇಲೆ ಬಿದ್ದ ಪುಡಿಯನ್ನಷ್ಟೇ ನೋಡಬೇಡಿ. ಕೂದಲು ಬಿಡಿಸಿ ಕೆಳಗಿನ ಚರ್ಮವನ್ನೂ ನೋಡಿ.

ಹೊಟ್ಟಿನ ಪುಡಿ ಬಿಳಿ ಅಥವಾ ತುಸು ಹಳದಿ. ಸಾಮಾನ್ಯವಾಗಿ ಮುಟ್ಟಿದರೆ ಜಿಡ್ಡು ಜಿಡ್ಡು. ತುರಿಕೆಯೂ ಇರುತ್ತದೆ. ಜಾಸ್ತಿಯಾದರೆ ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆಯೂ ಚರ್ಮ ಕೆಂಪಾಗಿ ಪೊರೆ ಏಳುತ್ತದೆ. ನಮ್ಮೆಲ್ಲರ ಚರ್ಮದ ಮೇಲೂ ಮಲಸೇಜಿಯಾ ಅನ್ನುವ ಶಿಲೀಂಧ್ರ ಇರುತ್ತದೆ. ಚರ್ಮದ ಜಿಡ್ಡೇ ಅದರ ಊಟ. ಅದು ಜಿಡ್ಡನ್ನು ಒಡೆದಾಗ ಉಳಿಯುವ ಆಮ್ಲ ಕೆಲವರಿಗೆ ಒಗ್ಗುವುದಿಲ್ಲ, ಚರ್ಮ ಬೇಗ ಬೇಗ ಪೊರೆ ಬಿಡುತ್ತದೆ. ತಲೆ ಒಣಗಿದೆ ಅಂದುಕೊಂಡು ರಾತ್ರಿಯೆಲ್ಲ ಎಣ್ಣೆ ಹಚ್ಚಿಡುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ನಿಜವಾಗಿ ಒಣಗಿದ ತಲೆಯಾದರೆ ಪುಡಿ ಸಣ್ಣದು, ಜಿಡ್ಡಿರುವುದಿಲ್ಲ. ಕೈಕಾಲಿನ ಚರ್ಮವೂ ಬಿರಿದಿರುತ್ತದೆ.

ಸೋರಿಯಾಸಿಸ್ ಬೇರೆ ಥರ. ದಪ್ಪ ಪದರ, ಬೆಳ್ಳಿಯಂಥ ಹೊಳಪು, ಅಂಚು ಸ್ಪಷ್ಟ. ಹಣೆಯ ಕಡೆ ಕೂದಲಿನ ಗೆರೆ ದಾಟಿಯೂ ಬರಬಹುದು. ಕೆರೆದು ಕಿತ್ತರೆ ಚುಕ್ಕಿ ಚುಕ್ಕಿಯಾಗಿ ರಕ್ತ ಕಾಣಬಹುದು, ಸುಮ್ನೆ ಕೀಳಬೇಡಿ. ಉಗುರಿನಲ್ಲಿ ಸಣ್ಣ ಗುಳಿಗಳಿವೆಯಾ ನೋಡಿ.

ಕೂದಲಿಗೇ ಅಂಟಿಕೊಂಡು, ಕೊಡವಿದರೂ ಬೀಳದಿದ್ದರೆ ಅದು ಹೇನಿನ ಸೀರು ಇರಬಹುದು. ಹೊಸ ಹೇರ್ ಡೈ ಹಚ್ಚಿದ ಮೇಲೆ ಉರಿ, ಊತ ಶುರುವಾಗಿದ್ದರೆ ಅಲರ್ಜಿ ಇರಬಹುದು, ಮತ್ತೆ ಹಚ್ಚಬೇಡಿ.

ಮಕ್ಕಳ ವಿಷಯದಲ್ಲಿ ಮಾತ್ರ ಕಾಯಲೇಬೇಡಿ. ಒಂದೇ ಜಾಗದಲ್ಲಿ ಪೊರೆ ಎದ್ದು, ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿ ಕಾಣುತ್ತಿದ್ದರೆ ಅದು ಹುಳುಕಡ್ಡಿ ಇರಬಹುದು. ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಶಾಂಪೂ ಒಂದರಿಂದಲೇ ಹೋಗುವುದಿಲ್ಲ, ಡಾಕ್ಟರು ಬರೆದುಕೊಡುವ ಮಾತ್ರೆ ಬೇಕು.

ನಿಮ್ಮದು ಹೊಟ್ಟೇ ಅನ್ನಿಸಿದರೆ ಶಿಲೀಂಧ್ರ ತಗ್ಗಿಸುವ 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆ 2 ಸಲ ಹಾಕಿ. ನೊರೆಯನ್ನು ಕೂದಲಿಗಲ್ಲ, ಬುಡದ ಚರ್ಮಕ್ಕೆ ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೆಯಿರಿ. ನಾವು ತಕ್ಷಣ ತೊಳೆದುಬಿಡುತ್ತೇವೆ, ಅಲ್ವಾ? 4 ವಾರದಲ್ಲಿ ಕಡಿಮೆಯಾಗದಿದ್ದರೆ ಮೂರನೇ ಬಾಟಲಿ ತರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ತಲೆಗೆ ಎಣ್ಣೆ ಬೇಡ, ಪೊರೆ ಇದ್ದ ಹಾಗೇ ಅವರಿಗೆ ಕಾಣಬೇಕು.