ಹಾಡು ನಿಮ್ಮದು, ಡೇಸಿಯದಲ್ಲ

ವಿರಾಜಪೇಟೆಯ ಬರಹಗಾರರಿಗೆ ನಮಸ್ಕಾರ.

ನಿಮ್ಮ ಟಿವಿ ಧಾರಾವಾಹಿಯ ಕಂತು, ಅದರೊಳಗಿನ ಹಾಡು ಎರಡೂ ತಲುಪಿದವು. ಇದನ್ನು ಓದುತ್ತಿರುವ ಉಳಿದವರಿಗಾಗಿ ಕಥೆ ಇಷ್ಟು: ಮಡಿಕೇರಿಯ ಕಟ್ಟುನಿಟ್ಟಿನ ಪ್ರಾಂಶುಪಾಲೆ ದೇಚಮ್ಮ 1996ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ‘ಡೇಸಿ’ ಎಂಬ ಹೆಸರಿಟ್ಟುಕೊಂಡು ಒಂದು ಪಾಪ್ ಕ್ಯಾಸೆಟ್ ಹಾಡಿದ್ದರು. ಈಗ ಅದು ಅಟ್ಟದ ಮೇಲೆ ಮಗಳ ಕೈಗೆ ಸಿಗುತ್ತದೆ. ಎಳೆ ಚೆನ್ನಾಗಿದೆ, ಸಂಭಾಷಣೆಯೂ ಓಡುತ್ತದೆ. ಹಾಡು ಮಾತ್ರ ನಿಲ್ಲುವುದಿಲ್ಲ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ.

ನಿಮ್ಮ ಪಲ್ಲವಿಯ ಮೊದಲ ಸಾಲು ‘ಮಂಜಿನಾ ಪರದೆಯಲಿ ಮೌನದಾ ಹನಿಯಾಗಿ’. ಭಾವಗೀತೆಯೆಂದು ಕಳಿಸಿದ್ದರೆ ಬಹುಶಃ ತೆಗೆದುಕೊಳ್ಳುತ್ತಿದ್ದೆವು. ಆದರೆ ಇದು ಸಾಕಷ್ಟು ಕವಿತೆ ಓದಿಕೊಂಡ ನಿಮ್ಮ ಸಾಲು. ಕೇಬಲ್ ಟಿವಿಯಲ್ಲಿ ಇಂಡಿಪಾಪ್ ನೋಡಿ ಕನ್ನಡಿ ಮುಂದೆ ಕುಣಿಯುವ ಹುಡುಗಿಯ ಬಾಯಲ್ಲಿ ‘ಮೌನದ ಹನಿ’ ಬರುವುದಿಲ್ಲ. ಕೊಡಗಿನ ಮಂಜನ್ನು ಹಾಡಿ ಹೊಗಳುವವರು ಪ್ರವಾಸಿಗರು. ಮಳೆಗಾಲ ಪೂರ್ತಿ ಬಟ್ಟೆ ಒಣಗದೆ ಗೊಣಗುವ ಮನೆಯವಳು ಡೇಸಿ. ತೋಟದ ಮನೆಯ ಹುಡುಗಿ ಹಾಡಿನಲ್ಲಿ ತನ್ನೂರಲ್ಲಿ ಇಲ್ಲದ್ದನ್ನೇ ಕೇಳುತ್ತಾಳೆ: ಬ್ರಿಗೇಡ್ ರೋಡ್, ಐಸ್‌ಕ್ರೀಮ್ ಪಾರ್ಲರ್, ಕೈನೆಟಿಕ್ ಹೋಂಡಾ.

ಕಲ್ಪಿತ ಗಾಯಕರಿಗೆ ಹಾಡು ಕಟ್ಟುವುದು ಹಳೆಯ ಕಸುಬು. ಆರ್ಚೀಸ್ ಎಂಬ ಕಾರ್ಟೂನ್ ಬ್ಯಾಂಡಿನ ‘ಶುಗರ್ ಶುಗರ್’ 1969ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತೆರೆಯ ಮೇಲೆ ಇದ್ದದ್ದು ಬರೀ ಚಿತ್ರಗಳು. ಸ್ಟುಡಿಯೋದಲ್ಲಿ ಹಾಡಿದ್ದು ರಾನ್ ಡಾಂಟೆ, ಬರೆದವರು ಜೆಫ್ ಬ್ಯಾರಿ ಮತ್ತು ಆಂಡಿ ಕಿಮ್. ನಿಮ್ಮ ಕಥೆಗೆ ಇನ್ನೂ ಹತ್ತಿರದ್ದು ‘ಹೌ ಐ ಮೆಟ್ ಯುವರ್ ಮದರ್’ನ 2006ರ ಕಂತು. ಸುದ್ದಿವಾಚಕಿ ರಾಬಿನ್ ಹದಿಹರೆಯದಲ್ಲಿ ಕೆನಡಾದ ಪಾಪ್ ಗಾಯಕಿಯಾಗಿದ್ದಳೆಂದು ಅಲ್ಲಿ ಬಯಲಾಗುತ್ತದೆ. ಹಾಡಿನ ತಿರುಳು ‘ಎಲ್ಲರೂ ಮಾಲ್‌ಗೆ ಹೋಗೋಣ’ ಎನ್ನುವಷ್ಟೇ. ವಿಡಿಯೋ 1990ರ ದಶಕದ್ದಾದರೂ ಸದ್ದು, ಉಡುಪು 1980ರ ದಶಕದ್ದು. ಎಂಬತ್ತರ ದಶಕ ಕೆನಡಾಕ್ಕೆ ತಡವಾಗಿ ಬಂತು ಎಂದು ಪಾತ್ರವೇ ಒಂದೇ ಮಾತಿನಲ್ಲಿ ಸಮಜಾಯಿಷಿ ಕೊಡುತ್ತದೆ. ನೀವು ಅದನ್ನು ನೋಡಿಯೇ ಬರೆದಿರುವಂತಿದೆ. ತಪ್ಪಿಲ್ಲ, ಆದರೆ ಆ ‘ತಡವಾಗಿ ಬಂತು’ ಚಟಾಕಿಯನ್ನು ಕೊಡಗಿಗೆ ಹೊಂದಿಸಿ ಮೂರನೇ ಪುಟದಲ್ಲಿ ಇಟ್ಟಿದ್ದೀರಲ್ಲ, ಅದನ್ನು ತೆಗೆಯಿರಿ. ಕಲಿಯಬೇಕಾದ್ದು ಬೇರೆ: ಆ ಹಾಡು ಪೆದ್ದಾಗಿದ್ದರೂ ತಾಳ, ಪ್ರಾಸ, ಹಿಡಿಯುವ ಸಾಲು ಯಾವುದರಲ್ಲೂ ಸಡಿಲವಿಲ್ಲ. ಬುದ್ಧಿ ಪಾತ್ರದ್ದು, ಕೈಚಳಕ ಬರಹಗಾರರದ್ದು.

ಈಗ ಲೆಕ್ಕಕ್ಕೆ ಬರೋಣ. ‘ಮಂಜಿನಾ | ಪರದೆಯಲಿ | ಮೌನದಾ | ಹನಿಯಾಗಿ’ ಎಂದು ಬಿಡಿಸಿ ನೋಡಿ. ಐದೈದು ಮಾತ್ರೆಯ (ಮಾತ್ರೆ ಎಂದರೆ ಒಂದು ಹ್ರಸ್ವ ಅಕ್ಷರದ ಹೊತ್ತು) ನಾಲ್ಕು ಗಣ, ಒಟ್ಟು 20. ಡಿಸ್ಕೋ ಬೀಟ್ ನಾಲ್ಕರ ನಡೆ. ನಿಮಿಷಕ್ಕೆ 120 ಬೀಟ್ ಇಟ್ಟರೆ ನಾಲ್ಕು ಬೀಟಿನ ಒಂದು ಆವರ್ತಕ್ಕೆ ಎರಡು ಸೆಕೆಂಡ್. ಒಂದು ಸಾಲಿಗೆ ಎರಡು ಆವರ್ತ, ಬೀಟಿಗೆ ಎರಡು ಮಾತ್ರೆ ಎಂದರೆ 16 ಮಾತ್ರೆಗೆ ಜಾಗ. 20ನ್ನು ಅಲ್ಲಿ ತುರುಕಿದರೆ ಎರಡನೇ ಗಣದಿಂದಲೇ ಪೆಟ್ಟು ಪದದ ತಲೆ ತಪ್ಪಿ ನಡುವೆ ಬೀಳುತ್ತದೆ. ಸಂಗೀತ ನಿರ್ದೇಶಕರು ಆಗ ‘ಪರದೇ’ ಎಂದು ಎಳೆಯುತ್ತಾರೆ, ಇಲ್ಲವೇ ಪದವನ್ನೇ ಬದಲಿಸುತ್ತಾರೆ. ಎರಡೂ ನಿಮಗೆ ಹಿಡಿಸುವುದಿಲ್ಲ.

ಹೋಲಿಕೆಗೆ ಒಂದು ಸಾಲು ಕೊಡುತ್ತೇವೆ: ‘ಬಸ್ಸಲಿ ಕೂತರೆ ಬ್ರಿಗೇಡು ರೋಡು’. ಬಸ್ಸಲಿ ನಾಲ್ಕು, ಕೂತರೆ ನಾಲ್ಕು, ಬ್ರಿಗೇಡು ನಾಲ್ಕು, ರೋಡು ಮೂರು. ಉಳಿದ ಒಂದು ಮಾತ್ರೆಯಲ್ಲಿ ಗಾಯಕಿ ಉಸಿರೆಳೆದುಕೊಳ್ಳುತ್ತಾಳೆ. ಎಳೆಯಬೇಕಾದ ಸ್ವರ ‘ರೋ’ದ ಮೇಲೆ ಕೂರುತ್ತದೆ; ಎತ್ತರದ ಸ್ವರಕ್ಕೆ ಆ, ಓ ಬಾಯಿ ತೆರೆದುಕೊಡುತ್ತವೆ. ನಿಮ್ಮ ಸಾಲುಗಳಲ್ಲಿ ಹೆಚ್ಚಿನವು ‘ಲಿ’ಯಲ್ಲೋ ‘ಗಿ’ಯಲ್ಲೋ ಮುಗಿಯುತ್ತವೆ, ಮೇಲಿನ ಸ್ಥಾಯಿಯಲ್ಲಿ ಅವು ಕೀರಲಾಗುತ್ತವೆ. ಇನ್ನು, ಮೈಸೂರು ದಾಟಿ ಅಷ್ಟು ದೂರ ಹೋಗಬೇಕಾದ ಊರಿನವಳು ಬಸ್ಸಲ್ಲಿ ಕೂತರೆ ಸಾಕು ಅನ್ನುತ್ತಾಳಲ್ಲ, ಅವಳ ವಯಸ್ಸು ಅಷ್ಟರಲ್ಲೇ ಗೊತ್ತಾಗುತ್ತದೆ. ಈ ಸಾಲನ್ನೇ ಬಳಸಬೇಡಿ, ನಿಮ್ಮದನ್ನು ಕಟ್ಟಿ. ಮೊಬೈಲ್‌ನಲ್ಲಿ ತಾಳ ಬಡಿಯುವ ಮೆಟ್ರೊನೋಮ್ 120ಕ್ಕೆ ಇಟ್ಟು, ರಾಗ ಹಾಕದೆ ಚಪ್ಪಾಳೆಗೆ ಓದಿ. ನಾಲಿಗೆ ತೊಡರುವಲ್ಲಿ ಪದ ಬದಲಿಸಿ. ಯಾವುದೋ ಸಿನಿಮಾ ಹಾಡಿನ ಟ್ಯೂನ್ ಮನಸ್ಸಿನಲ್ಲಿಟ್ಟು ಬರೆದರೆ ಆ ಟ್ಯೂನ್ ತೆಗೆದ ಮರುಕ್ಷಣ ಸಾಲು ಕುಂಟುತ್ತದೆ.

ಉದ್ದದ ಮಾತು. ಎಂಟು ಸಾಲಿನ ಮೂರು ಚರಣ, ನಾಲ್ಕು ಸಾಲಿನ ಪಲ್ಲವಿ ನಾಲ್ಕು ಸಲ: ಒಟ್ಟು 40 ಸಾಲು, 160 ಸೆಕೆಂಡ್. ನಡುವಿನ ಸಂಗೀತಕ್ಕೆ 40 ಸೇರಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್. ಜಾಹೀರಾತು ಕಳೆದು 22 ನಿಮಿಷ ಉಳಿಯುವ ಕಂತಿನಲ್ಲಿ ಅದು ಹೆಚ್ಚುಕಡಿಮೆ ಏಳನೇ ಒಂದು ಪಾಲು. ತೆರೆಗೆ 64 ಸೆಕೆಂಡ್ ಸಾಕು: ಶುರುವಿನ ಕೀಬೋರ್ಡ್ 8, ಅರ್ಧ ಚರಣ 16, ಪಲ್ಲವಿ 16, ಮಗಳು ಬಾಯಿ ಮುಚ್ಚಿಕೊಂಡು ನಗುವ ಹಿನ್ನೆಲೆ ಸಂಗೀತಕ್ಕೆ 8, ಅರ್ಧ ಸ್ವರ ಮೇಲೇರಿದ ಕೊನೆಯ ಪಲ್ಲವಿ 16. ಪೂರ್ತಿ ಹಾಡನ್ನು ಬೇರೆಯಾಗಿ ರೆಕಾರ್ಡ್ ಮಾಡಿಸಲಿ, ಚಾನೆಲ್‌ನವರು ಹೇಗೂ ಯೂಟ್ಯೂಬ್‌ಗೆ ಕೇಳುತ್ತಾರೆ.

‘ಹಳೆಯ ಕಾಲದ ಸಂಗೀತ’ ಎಂದಷ್ಟೇ ಬರೆದರೆ ತಬಲಾ, ಕೊಳಲು ಬಂದು ಕೂರುತ್ತವೆ. ಕೀಬೋರ್ಡಿನದೇ ಡ್ರಮ್ಸ್, ಸಿಂಥಸೈಜರ್‌ನ ಕಹಳೆ, ಒಂದೇ ದನಿಯನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದ್ದು, ಅಗತ್ಯಕ್ಕಿಂತ ಹೆಚ್ಚು ರಿವರ್ಬ್ (ಮಾರ್ದನಿ) ಎಂದು ಬರೆಯಿರಿ. ಕೊಡವ ವಾಲಗವನ್ನು ಹಾಡಿನುದ್ದಕ್ಕೂ ಹಾಕಿಸಿದ್ದೀರಿ. ಬೇಡ. ಬೇಕೆಂದರೆ ನಡುವೆ ನಾಲ್ಕು ಆವರ್ತ, ಅದೂ ಕೀಬೋರ್ಡಿನಲ್ಲಿ ನುಡಿಸಿದ ಅಗ್ಗದ ಅನುಕರಣೆ. ಅಂಥ ಸ್ಟುಡಿಯೋಗೆ ಕೊಂಬು, ಕೊಟ್ಟು ನುಡಿಸುವವರನ್ನು ಕರೆಸುವ ದುಡ್ಡು ಎಲ್ಲಿಂದ?

ಅಟ್ಟದ ಕ್ಯಾಸೆಟ್ ಅಷ್ಟು ಮಳೆಗಾಲ ಕಳೆದು ಮೊದಲ ಸಲಕ್ಕೇ ಸೊಗಸಾಗಿ ಹಾಡುವುದನ್ನು ಮಡಿಕೇರಿಯವರು ಯಾರೂ ನಂಬುವುದಿಲ್ಲ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ, ಕಿಟಕಿಯಂಥ ಪ್ಲಾಸ್ಟಿಕ್‌ನಲ್ಲೇ ಕಾಣುತ್ತದೆ. ಹಾಗೇ ಹಾಕಿದರೆ ಅದು ಪ್ಲೇಯರ್‌ನ ಹೆಡ್‌ಗೆ ಮೆತ್ತಿ ದನಿ ಮಂಕಾಗುತ್ತದೆ, ಸುರುಳಿ ಅಂಟಿಕೊಂಡರೆ ಟೇಪು ರೋಲರ್‌ಗೆ ಸುತ್ತಿಕೊಳ್ಳುತ್ತದೆ. ಇದು ನಿಮಗೆ ಲಾಭ. ಮೊದಲ ಸಲ ಪಲ್ಲವಿಯ ಅರ್ಧ ಸಾಲು ಕೇಳಿ ಟೇಪು ಸಿಕ್ಕಿಕೊಳ್ಳಲಿ. ಮಗಳು ಪೆನ್ಸಿಲ್ ತೂರಿಸಿ ಸುರುಳಿ ಸುತ್ತಲಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಲಿ. 64 ಸೆಕೆಂಡ್ ಬರುವುದು ಆಮೇಲೆ. ಅಷ್ಟರಲ್ಲಿ ನೋಡುವವರಿಗೆ ಆ ಅರ್ಧ ಸಾಲು ಬಾಯಿಪಾಠ ಆಗಿರುತ್ತದೆ.

ಕೆಲವು ತಪ್ಪುಗಳು ಊರಿನವರ ಕಣ್ಣು ತಪ್ಪುವುದಿಲ್ಲ. ಎರಡನೇ ಚರಣದಲ್ಲಿ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹುಣ್ಣಿಮೆಗೆ ಕಾಫಿ ಹೂ ಅರಳಿಸಿದ್ದೀರಿ. ಹುತ್ತರಿ ನವೆಂಬರ್–ಡಿಸೆಂಬರಿನದು, ಆಗ ಅರೇಬಿಕಾ ಹಣ್ಣು ಕೊಯ್ಯುತ್ತಿರುತ್ತಾರೆ. ಹೂ ಬರುವುದು ಫೆಬ್ರವರಿ–ಮಾರ್ಚ್ ಹೊತ್ತಿಗೆ, ಹೂಮಳೆ ಬಿದ್ದ ಮೇಲೆ. ಮೂರನೇ ಚರಣದ ‘ಮಿಸ್ಡ್ ಕಾಲ್’ 1996ಕ್ಕೆ ಸಲ್ಲದು. ಭಾರತದಲ್ಲಿ ಮೊಬೈಲ್ ಸೇವೆ ಶುರುವಾಗಿದ್ದೇ 1995ರಲ್ಲಿ, ಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಅಲ್ಲಿಗೆ ಎಸ್‌ಟಿಡಿ ಬೂತ್ ಬರಲಿ, ಮೀಟರ್ ಓಡುವುದನ್ನು ನೋಡುತ್ತಾ ಪ್ರೇಮದ ಮಾತಾಡುವ ಅವಸರ ನಾಲ್ಕು ಸಾಲಿಗೆ ಆಗುವಷ್ಟಿದೆ. ವಿಡಿಯೋದಲ್ಲಿ ಡೇಸಿ ಕುಪ್ಯ (ಕೊಡವರ ಉದ್ದನೆಯ ಮೇಲಂಗಿ) ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡಿದ್ದಾಳೆ. ಅದು ಗಂಡಸರ ಉಡುಗೆ. ಗೊತ್ತಿಲ್ಲದೆ ಬರೆದಿದ್ದರೆ ನೆರಿಗೆ ಹಿಂದಕ್ಕೆ ಬರುವ ಸೀರೆಗೆ ಬದಲಿಸಿ. ಬೇಕೆಂದೇ ಅಣ್ಣನ ಕುಪ್ಯ ಕದ್ದು ತೊಟ್ಟಿದ್ದರೆ ಬಹಳ ಒಳ್ಳೆಯದು, ಆದರೆ ಮನೆಯಲ್ಲಿ ಆದ ರಂಪವನ್ನು ಯಾರಾದರೂ ಒಬ್ಬರು ಎತ್ತಿ ಆಡಲೇಬೇಕು.

‘ಇಡೀ ಕರ್ನಾಟಕ ಕುಣಿದ ಹಾಡು’ ಎಂಬ ಮಾತನ್ನೂ ಹೊಡೆದುಹಾಕಿ. ಅಷ್ಟು ದೊಡ್ಡ ಹಿಟ್ ಆಗಿದ್ದರೆ ಮಗಳಿಗೆ ಇಷ್ಟು ವರ್ಷ ಗೊತ್ತಾಗದೆ ಇರುತ್ತಿತ್ತೇ? ಗೋಣಿಕೊಪ್ಪದ ಒಂದು ಕ್ಯಾಸೆಟ್ ಅಂಗಡಿಯಲ್ಲಿ ದಸರಾ ಮುಗಿಯುವವರೆಗೆ ಮೊಳಗಿತ್ತು ಎಂದರೆ ಸಾಕು.

ಚಾನೆಲ್ ಜತೆ ಮಾತು ನಡೆದರೆ ಸಾಹಿತ್ಯಕ್ಕೆ ಬೇರೆ ಒಪ್ಪಂದ ಕೇಳಿ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಗೀತರಚನಕಾರರ ರಾಯಧನದ ಹಕ್ಕನ್ನು ಸುಲಭವಾಗಿ ಬರೆಸಿಕೊಳ್ಳಲು ಬರುವುದಿಲ್ಲ. ‘ಎಲ್ಲ ಹಕ್ಕು ನಮ್ಮದು’ ಎಂಬ ಒಂದು ಸಾಲಿಗೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ.

ಮರಳಿ ಕಳಿಸುವಾಗ ಸ್ಕ್ಯಾನ್ ಪ್ರತಿ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. 64 ಸೆಕೆಂಡಿನ ರೂಪ, ಪೂರ್ತಿ ಹಾಡು, ಸಂಗೀತ ನಿರ್ದೇಶಕರಿಗೆ ಅರ್ಧ ಪುಟದ ಸೂಚನೆ. ಜತೆಗೆ ಚಪ್ಪಾಳೆ ತಟ್ಟುತ್ತಾ ಓದಿದ ಆಡಿಯೋ ಒಂದಿರಲಿ. ದನಿ ಹೇಗಿದ್ದರೂ ಪರವಾಗಿಲ್ಲ, ನಾವು ಕೇಳುವುದು ಚಪ್ಪಾಳೆಯನ್ನು.