ಲಾಕಪ್‌ನಲ್ಲಿ ಆತ್ಮಹತ್ಯೆ: ಹೊಣೆ ಪೊಲೀಸರದೋ, ಪಾಲಿಕೆಯದೋ?

ಶಿವಮೊಗ್ಗದ ಠಾಣೆಯೊಂದರ ಲಾಕಪ್‌ನಲ್ಲಿ ಬಂಧಿತ ಆತ್ಮಹತ್ಯೆ ಮಾಡಿಕೊಂಡರೆ ಮಹಾನಗರ ಪಾಲಿಕೆಯ ಮೇಲೆ ಕೇಸು ಹಾಕಬಹುದೇ ಎಂಬುದು ಪ್ರಶ್ನೆ. ಆಗದು. ಅಮೆರಿಕದಲ್ಲಿ ಪೊಲೀಸರು ಹೆಚ್ಚಾಗಿ ನಗರಾಡಳಿತದ ನೌಕರರು, ಹಾಗಾಗಿ ಅಲ್ಲಿ ನಗರಾಡಳಿತದ ಮೇಲೆ ಕೇಸು ಹಾಕಬಹುದು. ನಮ್ಮಲ್ಲಿ ರಾಜ್ಯ ಸರ್ಕಾರದವರು. ಪರಿಹಾರದ ಹೊಣೆಯೂ ರಾಜ್ಯದ್ದೇ.

‘ಅವನೇ ಮಾಡಿಕೊಂಡ’ ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಕಸ್ಟಡಿಯಲ್ಲಿರುವವನ ಜೀವ ಕಾಯುವುದು ಸರ್ಕಾರದ ಕರ್ತವ್ಯ. ಕಸ್ಟಡಿ ಸಾವಿಗೆ ಸಾರ್ವಭೌಮ ರಕ್ಷಣೆಯ (ಸರ್ಕಾರದ ಮೇಲೆ ಕೇಸು ಹಾಕುವಂತಿಲ್ಲ ಎಂಬ ವಾದದ) ನೆಪ ನಡೆಯದು ಎಂದು ಸುಪ್ರೀಂ ಕೋರ್ಟ್ 1993ರ ನೀಲಾಬತಿ ಬೆಹೆರಾ ತೀರ್ಪಿನಲ್ಲೇ ಹೇಳಿ, ಸತ್ತವನ ತಾಯಿಗೆ 1,50,000 ರೂಪಾಯಿ ಪರಿಹಾರ ಕೊಡಿಸಿತ್ತು. ಸಿಬ್ಬಂದಿಗೆ ಜೈಲಾಗಬೇಕಾದರೆ ಮಾತ್ರ ಅಪರಾಧ ಬೇರೆಯಾಗಿಯೇ ಸಾಬೀತಾಗಬೇಕು.

ಮನೆಯವರು ಮೊದಲು ಹಿಡಿಯಬೇಕಾದ್ದು ಸಿಸಿಟಿವಿ ಫುಟೇಜ್. ಸುಪ್ರೀಂ ಕೋರ್ಟಿನ 2020ರ ತೀರ್ಪಿನ ಪ್ರಕಾರ ಲಾಕಪ್‌ನಲ್ಲೂ ಕ್ಯಾಮೆರಾ ಇರಬೇಕು, ದೃಶ್ಯ ಕನಿಷ್ಠ 1 ವರ್ಷ ಉಳಿಯಬೇಕು. ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬರುವ ಮೊದಲೇ, ತಾರೀಕು, ಗಂಟೆ ನಮೂದಿಸಿ ಎಸ್‌ಪಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 196ರಡಿ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಅಲ್ಲಿ ಹಾಜರಿರಲು ಬಂಧುಗಳಿಗೆ ಅವಕಾಶವಿದೆ. ಮರಣೋತ್ತರ ಪರೀಕ್ಷೆಯ ವಿಡಿಯೊ ಪ್ರತಿಯನ್ನೂ ಕೇಳಿ.

ಮಾನವ ಹಕ್ಕುಗಳ ಆಯೋಗಕ್ಕೆ 1 ವರ್ಷದೊಳಗೆ ದೂರು ಕೊಡಬೇಕು. ಪರಿಹಾರದ ರಿಟ್ ಅರ್ಜಿ (ಮೂಲಭೂತ ಹಕ್ಕಿಗಾಗಿ ನೇರ ಹೈಕೋರ್ಟಿಗೆ ಹಾಕುವ ಅರ್ಜಿ) ಶಿವಮೊಗ್ಗದವರಿಗೆ ಬೆಂಗಳೂರಿನ ಹೈಕೋರ್ಟ್‌ನಲ್ಲಿ, ಶಿರಸಿ ಕಡೆಯವರಿಗೆ ಧಾರವಾಡ ಪೀಠದಲ್ಲಿ.