ಸೋಲೋ ಆಲ್ಬಂ ಹಳೇ ಗ್ರೂಪಿನ ಪೇಜಲ್ಲಿ ಕಾಣ್ತಿದ್ದರೆ

ಗ್ರೂಪ್ ಬಿಟ್ಟ ಮೇಲೆ ಮಾಡಿದ ಮೊದಲ ರ‍್ಯಾಪ್ ಆಲ್ಬಂ ಸ್ಪಾಟಿಫೈನಲ್ಲಿ ಗ್ರೂಪಿನ ಪೇಜಿಗೇ ಹೋಗಿದೆ ಅಂದ್ರೆ, ಹೆಚ್ಚಾಗಿ ಅಪ್‌ಲೋಡ್ ಮಾಡುವಾಗ ಮುಖ್ಯ ಕಲಾವಿದರ ಜಾಗದಲ್ಲಿ ಗ್ರೂಪಿನ ಪ್ರೊಫೈಲೇ ಉಳಿದಿರುತ್ತೆ. ಹಳೇ ಡಿಸ್ಟ್ರಿಬ್ಯೂಟರ್ (ಹಾಡುಗಳನ್ನು ಸ್ಪಾಟಿಫೈನಂಥ ಆ್ಯಪ್‌ಗಳಿಗೆ ತಲುಪಿಸೋ ಸೇವೆ) ಖಾತೆಯಿಂದಲೇ ಹಾಕಿದ್ರೆ ಇದು ಮಾಮೂಲು.

ಗಾಬರಿಯಲ್ಲಿ ಆಲ್ಬಂ ಅಳಿಸಬೇಡಿ. ಮೊದಲು ಡಿಸ್ಟ್ರಿಬ್ಯೂಟರ್ ಖಾತೆಯಲ್ಲಿ ಎಡಿಟ್ ತೆಗೆದು, ಆಲ್ಬಮ್ಮಿಗೂ ಪ್ರತಿ ಹಾಡಿಗೂ ಮುಖ್ಯ ಕಲಾವಿದರಾಗಿ ನಿಮ್ಮ ಹೆಸರೊಂದನ್ನೇ ಹಾಕಿ. ಆಲ್ಬಮ್ಮಿಗೆ ಮಾತ್ರ ಬದಲಿಸಿ ಹಾಡುಗಳನ್ನು ಹಾಗೇ ಬಿಟ್ಟರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಆಗಿಬಿಡುತ್ತೆ. ಹಳೇ ಗೆಳೆಯರ ವರ್ಸ್ ಇರೋ ಹಾಡಿದ್ರೆ ಆ ಹಾಡಿಗಷ್ಟೇ ಅವರನ್ನು ಫೀಚರ್ಡ್ (ಅತಿಥಿ ಕಲಾವಿದರು) ಅಂತ ಸೇರಿಸಿ. ಶೀರ್ಷಿಕೆಯೊಳಗೆ ಹೆಸರು ತುರುಕಬೇಡಿ. ನಿಮ್ಮದೇ ಪೇಜ್ ಈಗಾಗಲೇ ಇದ್ದರೆ ಅದರ ಲಿಂಕ್ ಕೊಡಿ, ಇಲ್ಲದಿದ್ರೆ ಹೊಸ ಪ್ರೊಫೈಲ್ ಆರಿಸಿ.

ಒಂದು ವಾರಕ್ಕೂ ಸರಿಹೋಗದಿದ್ರೆ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ, ಹಾಡು ತಪ್ಪು ಪೇಜಿನಲ್ಲಿದೆ ಅಂತ ದೂರು ಹಾಕಿ. ಆಪಲ್ ಮ್ಯೂಸಿಕ್‌ಗೆ ಬೇರೆಯಾಗಿ ಹೇಳಬೇಕು.

ಅಳಿಸಿ ಮತ್ತೆ ಅಪ್‌ಲೋಡ್ ಮಾಡಲೇಬೇಕಾಗಿ ಬಂದರೆ ಅದೇ ಆಡಿಯೋ ಫೈಲು, ಪ್ರತಿ ಹಾಡನ್ನು ಗುರುತಿಸೋ ಅದೇ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಕೋಡ್ ಬಳಸಿ. ಕೋಡ್ ಬದಲಾದ್ರೆ ಪ್ಲೇ ಲೆಕ್ಕ ಸೊನ್ನೆಗೆ ಬರುವ ಸಾಧ್ಯತೆ ಜಾಸ್ತಿ.

ಗ್ರೂಪಲ್ಲಿದ್ದಾಗ ರೆಕಾರ್ಡ್ ಮಾಡಿದ ಹಾಡೇನಾದ್ರೂ ಇದೆಯಾ? ಅದರ ಮಾಸ್ಟರ್ (ಮೂಲ ರೆಕಾರ್ಡಿಂಗ್) ಯಾರದು ಅನ್ನೋದು ನಿಮ್ಮ ಒಪ್ಪಂದದ ಮೇಲೆ ನಿಂತಿದೆ. ಎಲ್ಲರಿಂದ ಲಿಖಿತ ಒಪ್ಪಿಗೆ ಸಿಗೋ ತನಕ ಅದನ್ನು ನಿಮ್ಮ ಹೆಸರಿಗೆ ಬದಲಿಸಬೇಡಿ.